ಮಜೋಲಿಕಾ: ತವರವಲ್ಲ, ಸೀಸ

ಹರಾಜಿನ ಪಟ್ಟಿಯೊಂದರಲ್ಲಿ ಮತ್ತೆ ಕಣ್ಣಿಗೆ ಬಿತ್ತು: ‘ಮಿಂಟನ್ ಮಜೋಲಿಕಾ ಪಿಂಗಾಣಿ ತಟ್ಟೆ, ತವರದ ಮೆರುಗು, 1868’. ಮಿಂಟನ್ ಇಂಗ್ಲೆಂಡಿನ ಪಾತ್ರೆ ಕಾರ್ಖಾನೆ, ಮಜೋಲಿಕಾ ಅಲ್ಲಿಯ ಬಣ್ಣದ ಮೆರುಗಿನ ಮಣ್ಣಿನ ಪಾತ್ರೆ, ಮೆರುಗು ಎಂದರೆ ಪಾತ್ರೆಗೆ ಹಚ್ಚಿ ಸುಡುವ ಗಾಜಿನಂಥ ಲೇಪ. ಚಿತ್ರದಲ್ಲಿರುವುದು ಉಬ್ಬು ಎಲೆಗಳ ಹಸಿರು ತಟ್ಟೆ. ಇಷ್ಟು ಪುಟ್ಟ ಸಾಲಿನಲ್ಲಿ ಮೂರು ತಪ್ಪು.

ಪಿಂಗಾಣಿಯ ಮಾತು ಬೇಗ ಮುಗಿಯುತ್ತದೆ. ಅಂಚಿನ ಚಕ್ಕೆ ಎದ್ದಲ್ಲಿ ಬಿಸ್ಕತ್ತಿನ ಬಣ್ಣದ ಒರಟು ಮಣ್ಣು ಕಾಣುತ್ತಿದೆ. ಅದು ಪಿಂಗಾಣಿಯಲ್ಲ.

ತೊಡಕೆಲ್ಲ ಹೆಸರಿನದು. ಸ್ಪೇನಿನ ವಲೆನ್ಸಿಯಾದಲ್ಲಿ ಮಾಡಿದ ಲೋಹದ ಹೊಳಪಿನ ಪಾತ್ರೆಗಳು ಮಧ್ಯಯುಗದಲ್ಲಿ ಮಯೋರ್ಕಾ ದ್ವೀಪವನ್ನು ಹಾದು ಇಟಲಿಗೆ ಬರುತ್ತಿದ್ದವು. ಟಸ್ಕನಿಯವರ ಬಾಯಲ್ಲಿ ಆ ದ್ವೀಪ ‘ಮಯೋಲಿಕಾ’. ಹಡಗು ತಂಗಿದ ಜಾಗದ ಹೆಸರು ಸರಕಿಗೆ ಅಂಟಿಕೊಂಡಿತು. (ಮಾಲಗಾ ಊರಿನಿಂದ ಈ ಪದ ಬಂತು ಎನ್ನುವವರೂ ಇದ್ದಾರೆ.) ಮುಂದೆ ಇಟಲಿಯ ಕುಂಬಾರರು ತಮ್ಮದೇ ಪಾತ್ರೆಗಳನ್ನೂ ಹಾಗೆಯೇ ಕರೆದರು. ಅವುಗಳ ಮೇಲಿನದು ತವರ ಬೆರೆಸಿದ, ಹಾಲಿನಂತೆ ಬೆಳ್ಳಗಿನ, ಮಣ್ಣನ್ನು ಪೂರ್ತಿ ಮುಚ್ಚುವ ಮೆರುಗು. ಇನ್ನೂ ಸುಡದ ಆ ಬಿಳಿಯ ಮೇಲೆಯೇ ಕುಂಚದ ಚಿತ್ರ. ಬಣ್ಣ ತಾಗಿದ ಕ್ಷಣವೇ ಹೀರಿಕೊಳ್ಳುವುದರಿಂದ ತಿದ್ದಲು ಅವಕಾಶವಿಲ್ಲ.

1849ರಲ್ಲಿ ಸ್ಟೋಕ್ ಆನ್ ಟ್ರೆಂಟ್‌ನ ಮಿಂಟನ್ ಕಾರ್ಖಾನೆಗೆ ಬಂದ ಫ್ರಾನ್ಸಿನ ಲಿಯೋನ್ ಆರ್ನು, ತವರದ ಮೆರುಗಿನ ಆ ಇಟಲಿ ಬಗೆಯನ್ನೂ ಮಾಡಿಸಿದ, ಬಣ್ಣದ ಸೀಸದ ಮೆರುಗಿನ ಇನ್ನೊಂದನ್ನೂ ಮಾಡಿಸಿದ. ಕಾರ್ಖಾನೆ ಮೊದಲನೆಯದನ್ನು ‘ಮಜೋಲಿಕಾ’ ಎಂದಿತು, ಎರಡನೆಯದನ್ನು ಹದಿನಾರನೆಯ ಶತಮಾನದ ಫ್ರೆಂಚ್ ಕುಂಬಾರನ ನೆನಪಿಗೆ ‘ಪಾಲಿಸಿ’ ಎಂದಿತು. ಜನ ಮೆಚ್ಚಿ ಕೊಂಡದ್ದು ಎರಡನೆಯದನ್ನು, ಬಾಯಲ್ಲಿ ಉಳಿದದ್ದು ಮೊದಲನೆಯದರ ಹೆಸರು. ಇಂದು ಸಂಗ್ರಾಹಕರು ಮಜೋಲಿಕಾ ಎನ್ನುವ ವಿಕ್ಟೋರಿಯಾ ಕಾಲದ ಪಾತ್ರೆಗಳು ಬಹುಪಾಲು ಸೀಸದ ಮೆರುಗಿನವು. ಹೀಗಿರುವಾಗ ಅವಕ್ಕೆ ‘ತವರದ ಮೆರುಗು’ ಎಂದು ಬರೆಯುವುದನ್ನು ದಯವಿಟ್ಟು ಬಿಡಬೇಕು. ಇಟಲಿಯದಕ್ಕೆ ಮಯೋಲಿಕಾ, ಇಂಗ್ಲೆಂಡಿನದಕ್ಕೆ ಮಜೋಲಿಕಾ ಎಂದು ಬೇರೆ ಬೇರೆಯಾಗಿ ಬರೆದರೆ ಅರ್ಧ ಗೊಂದಲ ಕಳೆಯುತ್ತದೆ.

ಗುರುತಿಸಲು ಪುಸ್ತಕವೂ ಬೇಡ. ಆ ಎಲೆಯ ನರವನ್ನೇ ನೋಡಿ. ಸೀಸದ ಮೆರುಗು ಗಾಜಿನಂತೆ ಪಾರದರ್ಶಕ. ಆವಿಗೆಯಲ್ಲಿ ಕರಗಿ ಉಬ್ಬುಗಳಿಂದ ಜಾರಿ ತಗ್ಗುಗಳಲ್ಲಿ ನಿಂತಿದೆ. ಆದ್ದರಿಂದ ನರದ ಬೆನ್ನು ತಿಳಿಹಸಿರು, ಪಕ್ಕದ ಗೆರೆ ಕಡುಹಸಿರು. ತವರದ ಮೆರುಗಿನಲ್ಲಿ ಈ ಆಟ ಇರುವುದಿಲ್ಲ.

ಇನ್ನು 1868. ಅದನ್ನು ತಳದ ವಜ್ರಾಕೃತಿಯ ಮುದ್ರೆಯಿಂದ ಓದಿದ್ದಾರೆ. 1842ರಿಂದ 1883ರವರೆಗೆ ಬಳಕೆಯಲ್ಲಿದ್ದ ಆ ಮುದ್ರೆ ಹೇಳುವುದು ವಿನ್ಯಾಸ ನೋಂದಣಿಯಾದ ದಿನವನ್ನು. ತಟ್ಟೆ ಆವಿಗೆಯಿಂದ ಹೊರಬಂದ ವರ್ಷವನ್ನಲ್ಲ. ಒಂದೇ ವಿನ್ಯಾಸವನ್ನು ವರ್ಷಗಟ್ಟಲೆ ಅಚ್ಚು ಹಾಕುತ್ತಿದ್ದರು. ತಯಾರಿಕೆಯ ವರ್ಷಕ್ಕೆ ಮಿಂಟನ್‌ನವರು 1842ರಿಂದ ಒತ್ತುತ್ತಿದ್ದ ಪುಟ್ಟ ವಾರ್ಷಿಕ ಚಿಹ್ನೆಯನ್ನು ಹುಡುಕಬೇಕು. ಇಂಗ್ಲೆಂಡಿನದೇ ಇನ್ನೊಂದು ಕಾರ್ಖಾನೆಯಾದ ವೆಜ್‌ವುಡ್‌ನದಾದರೆ 1860ರಿಂದ ಬಂದ ಮೂರಕ್ಷರದ ಸಂಕೇತವಿದೆ. ಅದರಲ್ಲಿ ಮೂರನೆಯ ಅಕ್ಷರ ವರ್ಷದ್ದು.

ಈ ತಟ್ಟೆಯ ವಾರ್ಷಿಕ ಚಿಹ್ನೆ ಮೆರುಗಿನಡಿ ಮುಚ್ಚಿಹೋಗಿದೆ. ಆದರೆ ಪಟ್ಟಿಯವರೇ ಹಾಕಿದ ತಳದ ಚಿತ್ರದಲ್ಲಿ ಒತ್ತಿದ ಹೆಸರು ಸ್ಪಷ್ಟವಾಗಿದೆ: ‘ಮಿಂಟನ್’ ಅಲ್ಲ, ‘ಮಿಂಟನ್ಸ್’. ಆ ಕೊನೆಯ ‘ಸ್’ ಸೇರಿದ್ದು 1873ರ ಸುಮಾರಿಗೆ.