ಟ್ರ್ಯಾಕ್ ಡೇ ಖರ್ಚು: ಫೀಸ್, ಪೆಟ್ರೋಲ್ ಲೆಕ್ಕ ಹಾಕಿದರೆ ಸಾಕಾ?

ಓದುಗರ ಪ್ರಶ್ನೆ: ಸ್ಪೋರ್ಟ್ಸ್ ಕಾರ್ ತಗೊಂಡು ಸ್ವಲ್ಪ ಸಮಯ ಆಯ್ತು. ಫೀಸ್ ಕಟ್ಟಿ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಟ್ರ್ಯಾಕ್ ಡೇಗೆ ಹೋಗಬೇಕು ಅಂತ ತುಂಬಾ ಆಸೆ ಇದೆ. ಎಂಟ್ರಿ ಫೀಸ್ ಮತ್ತು ಪೆಟ್ರೋಲ್ ಲೆಕ್ಕ ಹಾಕಿಕೊಂಡರೆ ಸಾಕಾ, ಬೇರೆ ಖರ್ಚೂ ಇದೆಯಾ? ಒಂದು ದಿನಕ್ಕೆ ಎಷ್ಟು ಎತ್ತಿಡಬೇಕು?

ಸಾಕಾಗುವುದಿಲ್ಲ. ಫೀಸ್, ಪೆಟ್ರೋಲ್ ಎರಡೂ ಅವತ್ತೇ ಕೈಬಿಟ್ಟು ಹೋಗುವ ದುಡ್ಡು, ಹಾಗಾಗಿ ಎಲ್ಲರ ಕಣ್ಣಿಗೂ ಅದೇ ಬೀಳುತ್ತದೆ. ಆದರೆ ಕಾರು ಟ್ರ್ಯಾಕ್‌ನಲ್ಲಿ ಓಡುವ ಪ್ರತಿ ನಿಮಿಷವೂ ಟೈರ್, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಪ್ಯಾಡ್, ಆಯಿಲ್ ಎಲ್ಲ ಸ್ವಲ್ಪ ಸ್ವಲ್ಪವೇ ಸವೆಯುತ್ತಾ ಇರುತ್ತವೆ, ಅದರ ಬಿಲ್ ಮಾತ್ರ ಎಷ್ಟೋ ದಿನ ಬಿಟ್ಟು ಬರುತ್ತದೆ. ಎರಡು ಮೂರು ಸಲ ಖುಷಿಯಾಗಿ ಹೋಗಿಬಂದು, ಆಮೇಲೆ ಟೈರೂ ಬ್ರೇಕೂ ಒಟ್ಟಿಗೇ ಮುಗಿದಾಗ ಗಾಬರಿಯಾಗಿ ಟ್ರ್ಯಾಕ್ ಕಡೆ ತಲೆ ಹಾಕದವರು ಇದ್ದಾರೆ. ನನಗೆ ಅದು ಬೇಜಾರಿನ ವಿಷಯ. ಮೊದಲೇ ಲೆಕ್ಕ ಗೊತ್ತಿದ್ದರೆ ಹಾಗೆ ಬಿಡಬೇಕಾಗಿರಲಿಲ್ಲ.

ಇಷ್ಟೇ ಆಗುತ್ತದೆ ಅಂತ ಒಂದು ಮೊತ್ತ ಹೇಳುವುದು ಸರಿಯಲ್ಲ. ಒಂದು ಕಾರಿಗೂ ಇನ್ನೊಂದಕ್ಕೂ ಹಲವು ಪಟ್ಟು ವ್ಯತ್ಯಾಸ ಬರುತ್ತದೆ. ಆದರೆ ನಿಮ್ಮ ಕಾರಿನ ಮೊತ್ತವನ್ನು ನೀವೇ ತೆಗೆಯಬಹುದು, ಅದು ಕಷ್ಟವೂ ಅಲ್ಲ.

ಮೊದಲು ಕಿಲೋಮೀಟರ್ ಲೆಕ್ಕ ಬಿಡಿ. ಟ್ರ್ಯಾಕ್‌ನಲ್ಲಿ ಗಂಟೆ ಲೆಕ್ಕ ಹಾಕಬೇಕು. ಸಾಮಾನ್ಯವಾಗಿ ಒಂದು ದಿನದಲ್ಲಿ 20 ನಿಮಿಷದ ಐದಾರು ಸೆಷನ್ ಸಿಗುತ್ತವೆ, ಎಲ್ಲ ಸೇರಿದರೆ ಎರಡು ಗಂಟೆ, ಓಡಿದ್ದು ಹೆಚ್ಚುಕಡಿಮೆ 200 ಕಿ.ಮೀ. ಇಷ್ಟೇನಾ ಅನಿಸಬಹುದು. ಆದರೆ ರಸ್ತೆಯಲ್ಲಿ 100 ಕಿ.ಮೀ.ಗೆ 10 ಲೀಟರ್ ಕುಡಿಯುವ ಕಾರು ಟ್ರ್ಯಾಕ್‌ನಲ್ಲಿ 25-30 ಲೀಟರ್ ಕುಡಿದರೆ ಆಶ್ಚರ್ಯವಿಲ್ಲ. ಅಂದರೆ ಒಂದು ದಿನಕ್ಕೆ ಸುಮಾರು ಒಂದು ಫುಲ್ ಟ್ಯಾಂಕ್, ಮನೆಯಿಂದ ಹೋಗಿಬರುವುದಕ್ಕೆ ಬೇರೆ. ಪೆಟ್ರೋಲ್ ಬಗ್ಗೆ ಇಷ್ಟು ಸಾಕು. ಒಟ್ಟು ಖರ್ಚಿನಲ್ಲಿ ಅದು ಸಣ್ಣ ಪಾಲು.

ದೊಡ್ಡ ಪಾಲು ಎಷ್ಟು ಅಂತ ತೀರ್ಮಾನ ಮಾಡುವುದು ಕಾರಿನ ತೂಕ. ಹೊಸಬರು ಹಾರ್ಸ್‌ಪವರ್ ಬಗ್ಗೆ ಮಾತಾಡುತ್ತಾರೆ, ತೂಕ ಯಾರೂ ಕೇಳುವುದಿಲ್ಲ. ಬ್ರೇಕ್ ಒತ್ತಿದಾಗ ಕಾರಿನ ಓಟದ ಶಕ್ತಿಯೆಲ್ಲ ಬಿಸಿಯಾಗಿ ಹೋಗಬೇಕು. ತೂಕ ಎರಡು ಪಟ್ಟಾದರೆ ಆ ಬಿಸಿ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಲೆಕ್ಕ ಹಾಕಿಯೇ ನೋಡೋಣ. ಮಜ್ದಾ ಎಂಎಕ್ಸ್-5 ಸುಮಾರು 1,050 ಕಿಲೋ ಇದೆ. ನೇರ ದಾರಿಯ ಕೊನೆಯಲ್ಲಿ ಅದು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಯಿತು ಅಂದುಕೊಳ್ಳಿ. ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 0.78 ಮೆಗಾಜೂಲ್. ನಿಸ್ಸಾನ್ ಜಿಟಿ-ಆರ್ ಸುಮಾರು 1,750 ಕಿಲೋ, ಎಂಜಿನ್ ಬಲವೂ ಜಾಸ್ತಿ, ಹಾಗಾಗಿ ಅದೇ ದಾರಿಯಲ್ಲಿ ಅದು 220 ಮುಟ್ಟಿ, ಅದೇ ತಿರುವಿಗೆ 80ಕ್ಕೆ ಇಳಿಯಬೇಕಾಗುತ್ತದೆ. ಈಗ ಅದು 2.8 ಮೆಗಾಜೂಲ್. ಮೂರೂವರೆ ಪಟ್ಟು! ಎಂಟು ಲೀಟರ್ ತಣ್ಣೀರು ಕುದಿ ಬರುವಷ್ಟು ಬಿಸಿ ಅದು, ನಾಲ್ಕೈದು ಸೆಕೆಂಡಿನಲ್ಲಿ ಹುಟ್ಟುತ್ತದೆ, ಪ್ರತಿ ಲ್ಯಾಪ್‌ನಲ್ಲೂ ಹುಟ್ಟುತ್ತದೆ, ಅದೂ ಒಂದೇ ತಿರುವಿನಲ್ಲಿ. ಇದರ ಜೊತೆಗೆ ಭಾರದ ಕಾರಿಗೆ ಅಗಲದ ಟೈರ್ ಬೇಕು, ದೊಡ್ಡ ಡಿಸ್ಕ್ ಬೇಕು, ಅವುಗಳ ಬೆಲೆಯೂ ಜಾಸ್ತಿ. ಬೇಗ ಸವೆಯುವುದೂ ಅದೇ, ದುಬಾರಿಯೂ ಅದೇ. ಯಾವ ಕಾರು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಹಗುರ ಕಾರಿನ ಕಡೆಯೇ ವಾಲುವುದು ಇದಕ್ಕೇ.

ಬ್ರೇಕ್ ವಿಷಯಕ್ಕೇ ಬರೋಣ. ಇಲ್ಲಿ ಅತಿ ಕಡಿಮೆ ಬೆಲೆಯದು ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಬ್ರೇಕ್ ಆಯಿಲ್, ಅತಿ ಮುಖ್ಯವಾದದ್ದೂ ಅದೇ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ ನಿಯಮ. ಆದರೆ ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತಾ ಹೋಗುತ್ತದೆ. ತೇವ ಸೇರಿದ ಆಯಿಲ್‌ಗೆ ಅದೇ ನಿಯಮದ ಮಿತಿ 155 ಡಿಗ್ರಿ ಅಷ್ಟೇ. ಟ್ರ್ಯಾಕ್‌ನಲ್ಲಿ ಆ ಬಿಸಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಆಯಿಲ್ ಕುದಿದರೆ ಪೈಪಿನೊಳಗೆ ಆವಿ ಆಗುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಟ್ರ್ಯಾಕ್ ಡೇಗೂ ಮುಂಚೆ ಹಳೇ ಆಯಿಲ್ ತೆಗೆಸಿ, 300 ಡಿಗ್ರಿ ದಾಟುವ ಒಳ್ಳೆಯ ಆಯಿಲ್ ಹಾಕಿಸಿ. ದಯವಿಟ್ಟು ಇದರಲ್ಲಿ ಉಳಿಸಲು ಹೋಗಬೇಡಿ. ಮೇಲಿಂದ ಮೇಲೆ ಹೋಗುವವರು ಸೀಸನ್‌ನಲ್ಲಿ ಎರಡು ಮೂರು ಸಲ ಬ್ಲೀಡ್ ಮಾಡಿಸುತ್ತಾರೆ, ಅಂದರೆ ಪೈಪಿನಲ್ಲಿರುವ ಹಳೇ ಆಯಿಲ್, ಗಾಳಿ ಹೊರಗೆ ತೆಗೆಸುತ್ತಾರೆ. ಡಾಟ್ 5 ಅಂತ ಸಿಗುವ ಸಿಲಿಕೋನ್ ಆಯಿಲ್ ಬೇರೆಯದು, ಅದನ್ನು ಇದರ ಜೊತೆ ಸೇರಿಸಬಾರದು. ಡಾಟ್ 5.1 ಬೇಕಾದರೆ ಹಾಕಬಹುದು, ಅದು ಡಾಟ್ 4ರ ಜಾತಿಯದೇ.

ಪ್ಯಾಡ್ ಬಗ್ಗೆ ಎರಡು ಮಾತು. ಕಂಪನಿಯಿಂದ ಬಂದ ರಸ್ತೆ ಪ್ಯಾಡ್ ಬಿಸಿ ಮಿತಿ ಮೀರಿದರೆ ಹಿಡಿತ ಬಿಡುತ್ತದೆ, ಪುಡಿಪುಡಿಯಾಗಿ ಬೇಗ ಮುಗಿಯುತ್ತದೆ. ಟ್ರ್ಯಾಕ್ ಪ್ಯಾಡ್‌ಗೆ ಬೆಲೆ ಜಾಸ್ತಿ, ರಸ್ತೆಯಲ್ಲಿ ಕಿರ್ ಅನ್ನುತ್ತದೆ, ತಣ್ಣಗಿದ್ದಾಗ ಕೆಲವು ಸರಿಯಾಗಿ ಹಿಡಿಯುವುದೂ ಇಲ್ಲ, ಡಿಸ್ಕನ್ನೂ ಬೇಗ ತಿನ್ನುತ್ತವೆ, ಆದರೂ ಗಂಟೆ ಲೆಕ್ಕದಲ್ಲಿ ಅದೇ ಅಗ್ಗ ಬೀಳುತ್ತದೆ. ಅರ್ಧ ಸವೆದ ಮೇಲೆ ಟ್ರ್ಯಾಕ್‌ಗೆ ಬಳಸುವುದು ಬೇಡ. ಪ್ಯಾಡ್ ತೆಳ್ಳಗಾದಷ್ಟೂ ಡಿಸ್ಕಿನ ಬಿಸಿ ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ಗೂ ಆಯಿಲ್‌ಗೂ ಬೇಗ ದಾಟುತ್ತದೆ. ಹಾಗಾಗಿ ಒಂದು ಸೆಟ್ ಪ್ಯಾಡ್ ಅಂದರೆ ನಿಮ್ಮ ಲೆಕ್ಕದಲ್ಲಿ ಅರ್ಧ ಸೆಟ್ ಅಂತಲೇ ಇಟ್ಟುಕೊಳ್ಳಿ. ಹಿಂದಿನ ಪ್ಯಾಡ್ ಯಾಕೆ ಇಷ್ಟು ಬೇಗ ಹೋಯಿತು ಅಂತ ಕೆಲವರು ಕೇಳುತ್ತಾರೆ. ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಆನ್ ಇದ್ದಾಗ ಕಾರು ತಾನಾಗಿಯೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕುತ್ತಿರುತ್ತದೆ, ಅದರಿಂದ. ಹಾಗಂತ ಹೊಸಬರು ಅದನ್ನು ಆಫ್ ಮಾಡುವುದು ಬೇಡ. ಪ್ಯಾಡ್ ಹೋದರೆ ಹೋಗಲಿ, ಕಾರು ಉಳಿಯುತ್ತದೆ.

ಕಾರ್ಬನ್ ಸೆರಾಮಿಕ್ ಡಿಸ್ಕ್ ಇದ್ದರೆ ಲೆಕ್ಕವೇ ಬೇರೆ. ಪೋರ್ಷೆ 2001ರಲ್ಲೇ 911 ಜಿಟಿ2ಗೆ ಅದನ್ನು ಕೊಟ್ಟಿತ್ತು. ರಸ್ತೆಯಲ್ಲಿ ಅವು ವರ್ಷಗಟ್ಟಲೆ ಬಾಳುತ್ತವೆ. ಟ್ರ್ಯಾಕ್‌ನ ಬಿಸಿಗೆ ಮಾತ್ರ ಅದರಲ್ಲಿರುವ ಕಾರ್ಬನ್ ನಿಧಾನಕ್ಕೆ ಸುಟ್ಟುಹೋಗುತ್ತದೆ, ದಪ್ಪ ಹಾಗೇ ಇದ್ದರೂ ತೂಕ ಇಳಿಯುತ್ತದೆ. ಸವೆತವನ್ನು ತೂಕ ಹಾಕಿಯೂ ನೋಡುವುದು ಅದಕ್ಕೇ. ಬದಲಿಸುವ ಖರ್ಚು ಎದೆ ನಡುಗಿಸುವಂಥದ್ದು. ಆಗಾಗ ಟ್ರ್ಯಾಕ್‌ಗೆ ಹೋಗುವ ಹಲವರು ಆ ಡಿಸ್ಕುಗಳನ್ನು ಬಿಚ್ಚಿ ಜೋಪಾನವಾಗಿಟ್ಟು, ಕಬ್ಬಿಣದ ಡಿಸ್ಕ್ ಹಾಕಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಸರಿಯಾದ ಕೆಲಸ.

ಇನ್ನು ಟೈರ್. ಹೆಚ್ಚಿನವರಿಗೆ ಅತಿ ದೊಡ್ಡ ಖರ್ಚು ಇದೇ. ಹಗುರ ಕಾರು, ಸಮಾಧಾನದ ಡ್ರೈವಿಂಗ್ ಇದ್ದರೆ ಒಂದು ಸೆಟ್ ಎಂಟು ಹತ್ತು ದಿನ ಬರಬಹುದು. ಭಾರದ ಕಾರು, ಮೆತ್ತನೆ ರಬ್ಬರ್, ತಿರುವಿನಲ್ಲಿ ಜಾರಿಸುವ ಚಟ ಮೂರೂ ಸೇರಿದರೆ ಎರಡು ದಿನಕ್ಕೇ ಮುಗಿಯಬಹುದು. ನಡುವಿನ ವ್ಯತ್ಯಾಸ ಇಷ್ಟು ದೊಡ್ಡದಿರುವುದರಿಂದ ಇಲ್ಲಿ ಉಳಿಸುವ ಅವಕಾಶವೂ ದೊಡ್ಡದು. ಒಂದು, ಗಾಳಿ. ಟೈರ್ ಬಿಸಿಯಾದ ಮೇಲೆ ಒತ್ತಡ 6-8 ಪಿಎಸ್‌ಐ ಏರುವುದು ಮಾಮೂಲು. ಬೆಳಿಗ್ಗೆ ರಸ್ತೆ ಲೆಕ್ಕದಲ್ಲಿ ತುಂಬಿಸಿ ಹಾಗೇ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಟೈರ್ ಉಬ್ಬಿ ಹಿಡಿತ ಕಡಿಮೆಯಾಗುತ್ತದೆ, ನಡುಭಾಗ ಸವೆಯುತ್ತದೆ. ಒಂದು ಒಳ್ಳೆಯ ಗೇಜ್ ಇಟ್ಟುಕೊಂಡು, ಸೆಷನ್ ಮುಗಿಸಿ ಬಂದ ತಕ್ಷಣ, ಬಿಸಿ ಇರುವಾಗಲೇ ನೋಡಿ ಗಾಳಿ ಇಳಿಸಬೇಕು. ಎರಡು, ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು. ರಸ್ತೆ ಕಾರಿನಲ್ಲಿ ಚಕ್ರ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ತಿರುವಿನಲ್ಲಿ ಕಾರು ವಾಲಿದಾಗ ಟೈರಿನ ಹೊರ ಅಂಚೇ ಎಲ್ಲ ಭಾರ ಹೊರುತ್ತದೆ. ಒಳಗೆ ಹೊಸದರಂತಿರುವ ಟೈರ್ ಹೊರ ಅಂಚಿನಲ್ಲಿ ಬೋಳಾಗಿರುವುದು ಇದರಿಂದಲೇ. ಅಲೈನ್‌ಮೆಂಟ್‌ನಲ್ಲಿ ಎರಡೂವರೆ, ಮೂರು ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು) ಕೊಡಿಸಿದರೆ ಟೈರ್ ಪೂರ್ತಿ ಅಗಲಕ್ಕೆ ಕೆಲಸ ಮಾಡುತ್ತದೆ. ರಸ್ತೆಯಲ್ಲೇ ಜಾಸ್ತಿ ಓಡಿಸುವವರಿಗೆ ಆಗ ಒಳ ಅಂಚು ಸವೆಯುತ್ತದೆ, ಅದನ್ನೂ ಯೋಚಿಸಿ.

ಮೂರನೆಯದು ಹಲವರಿಗೆ ಗೊತ್ತಿರುವುದಿಲ್ಲ. ಹೊಚ್ಚಹೊಸ ಟೈರ್ ಟ್ರ್ಯಾಕ್‌ಗೆ ಒಳ್ಳೆಯದಲ್ಲ. ಎತ್ತರದ ರಬ್ಬರ್ ಬ್ಲಾಕ್‌ಗಳು ಅತ್ತಿತ್ತ ಓಲಾಡಿ ಬಿಸಿಯಾಗುತ್ತವೆ, ಚೂರು ಚೂರಾಗಿ ಕಿತ್ತೂ ಬರುತ್ತವೆ. ರಸ್ತೆಯಲ್ಲಿ ಅರ್ಧ ಸವೆದ ಟೈರ್ ಒಣ ಟ್ರ್ಯಾಕ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮಳೆ ಬಂದರೆ ಅದೇ ಟೈರಿನಲ್ಲಿ ಮನೆಗೆ ವಾಪಸ್ ಬರಬೇಕಲ್ವಾ? ಟ್ರೆಡ್ ಅಂದರೆ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಅಂತ ಬಹಳ ದೇಶಗಳಲ್ಲಿ ಕಾನೂನಿದೆ. ಇನ್ನೂ ಒಂದು: ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ ರಬ್ಬರ್ ಗಟ್ಟಿಯಾಗುತ್ತದೆ. ಟ್ರೆಡ್ ಕಾಣಿಸುತ್ತಿದ್ದರೂ ಹಿಡಿತ ಹೋಗಿರಬಹುದು.

ಎಂಜಿನ್ ಆಯಿಲ್ ಅನ್ನು ಕಂಪನಿ ಹೇಳಿದ ಕಿಲೋಮೀಟರ್‌ವರೆಗೆ ಓಡಿಸಬೇಡಿ, ಎರಡು ಮೂರು ಟ್ರ್ಯಾಕ್ ಡೇಗೆ ಒಮ್ಮೆ ಬದಲಿಸುವುದು ಒಳ್ಳೆಯದು. ಹೋಗುವ ಮುಂಚೆ ಮಟ್ಟ ಮೇಲಿನ ಗೆರೆಯ ಹತ್ತಿರ ಇರಲಿ. ಉದ್ದದ ತಿರುವಿನಲ್ಲಿ ಎಂಜಿನ್ ತಳದ ತೊಟ್ಟಿಯಾದ ಸಂಪ್‌ನೊಳಗಿನ ಆಯಿಲ್ ಒಂದು ಬದಿಗೆ ಸರಿದು ಪಂಪ್‌ಗೆ ಸಿಗದೇ ಹೋದರೆ ಬೇರಿಂಗ್ ಹೋಗುತ್ತದೆ, ಆಮೇಲೆ ಇಡೀ ಎಂಜಿನ್. ಗಿಯರ್ ಆಯಿಲ್, ವೀಲ್ ಬೇರಿಂಗ್, ಬುಷ್ ಇವೆಲ್ಲ ನಿಧಾನದ ಖರ್ಚು, ವರ್ಷದ ಲೆಕ್ಕದಲ್ಲಿ ಸೇರಿಸಿಕೊಂಡರೆ ಸಾಕು.

ಈಗ ಎಲ್ಲರೂ ಮಾತಾಡಲು ಹಿಂಜರಿಯುವ ಖರ್ಚು: ಗುದ್ದಿದರೆ ಏನು? ನಿಮ್ಮ ಮಾಮೂಲು ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ಸಾಮಾನ್ಯವಾಗಿ ಸರ್ಕ್ಯೂಟ್‌ನಲ್ಲಿ ಆದ ಹಾನಿ ಅದರಲ್ಲಿ ಸೇರುವುದಿಲ್ಲ. ಕೆಲವು ದೇಶಗಳಲ್ಲಿ ಒಂದು ದಿನದ ಮಟ್ಟಿಗೆ ಬೇರೆ ಇನ್ಶೂರೆನ್ಸ್ ಸಿಗುತ್ತದೆ, ಆದರೆ ಮೊದಲ ಒಂದಷ್ಟು ಭಾಗ ನೀವೇ ಕೊಡಬೇಕು, ಆ ಭಾಗ ಚಿಕ್ಕದಲ್ಲ. ಹಾನಿ ನಿಮ್ಮ ಕಾರಿಗೆ ಮಾತ್ರ ಅಂತಲೂ ಇಲ್ಲ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕ್‌ನ 20.8 ಕಿ.ಮೀ. ಉದ್ದದ ನಾರ್ಡ್‌ಶ್ಲೈಫೆಯಲ್ಲಿ ಸಾರ್ವಜನಿಕರು ಓಡಿಸುವಾಗ ತಡೆಬೇಲಿಗೆ ಗುದ್ದಿದರೆ ಬೇಲಿಯ ರಿಪೇರಿ, ಕಾರು ಎಳೆದು ತಂದ ಖರ್ಚು ಎಲ್ಲ ಗುದ್ದಿದವರ ತಲೆಗೇ. ನನ್ನ ನಿಲುವು ನೇರವಾದದ್ದು: ಇವತ್ತೇ ಪೂರ್ತಿ ಹೋದರೂ ಸಂಸಾರ ನಡೆಯುತ್ತದೆ ಅನ್ನುವ ಕಾರನ್ನು ಮಾತ್ರ ಟ್ರ್ಯಾಕ್‌ಗೆ ಒಯ್ಯಿರಿ. ಸಾಲದ ಕಂತು ಇನ್ನೂ ಕಟ್ಟುತ್ತಿದ್ದರೆ ಸ್ವಲ್ಪ ಕಾಯಿರಿ. ಅಥವಾ ಹಳೆಯ, ಹಗುರ ಕಾರೊಂದನ್ನು ಇದಕ್ಕೇ ಅಂತ ಇಟ್ಟುಕೊಳ್ಳಿ, ಕಲಿಯುವುದೂ ಅದರಲ್ಲೇ ಜಾಸ್ತಿ.

ಲೆಕ್ಕ ಹೀಗೆ ಮಾಡಿ. ಒಂದು ಸೆಟ್ ಟೈರ್ ಬೆಲೆಯನ್ನು ಐದರಿಂದ ಭಾಗಿಸಿ, ಭಾರದ ಕಾರಾದರೆ ಮೂರರಿಂದ. ಪ್ಯಾಡ್ ಬೆಲೆಯನ್ನು ನಾಲ್ಕರಿಂದ ಭಾಗಿಸಿ, ಡಿಸ್ಕ್ ಬೆಲೆಯನ್ನು ಹತ್ತರಿಂದ. ಎಂಜಿನ್ ಆಯಿಲ್ ಸರ್ವಿಸ್ ಮತ್ತು ಬ್ರೇಕ್ ಆಯಿಲ್ ಬದಲಿಸುವ ಖರ್ಚಿನ ಮೂರನೇ ಒಂದು ಭಾಗ ಸೇರಿಸಿ. ಅದಕ್ಕೆ ಫೀಸ್, ಒಂದೂವರೆ ಟ್ಯಾಂಕ್ ಪೆಟ್ರೋಲ್, ಸಿಕ್ಕರೆ ಒಂದು ದಿನದ ಇನ್ಶೂರೆನ್ಸ್. ಇದು ಶುರುವಿನ ಅಂದಾಜು ಅಷ್ಟೇ, ಹೆಚ್ಚಿನ ಕಾರುಗಳಲ್ಲಿ ಈ ಮೊತ್ತ ಫೀಸ್ ಮತ್ತು ಪೆಟ್ರೋಲ್ ಸೇರಿದ್ದಕ್ಕಿಂತ ಬಹಳ ಜಾಸ್ತಿ ಬರುತ್ತದೆ. ಪ್ರತಿ ಸಲ ಹೋಗಿಬಂದಾಗ ಇದರಲ್ಲಿ ಟೈರ್, ಬ್ರೇಕ್, ಆಯಿಲ್ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಿ, ಟೈರ್ ಮುಗಿದ ದಿನ ದುಡ್ಡು ರೆಡಿ ಇರುತ್ತದೆ.

ಮೊದಲ ಸಲಕ್ಕೆ ಹೊಸ ಬ್ರೇಕ್ ಆಯಿಲ್, ಅರ್ಧಕ್ಕಿಂತ ಜಾಸ್ತಿ ಉಳಿದಿರುವ ಪ್ಯಾಡ್, ಒಂದು ಗೇಜ್, ಒಂದು ಒಳ್ಳೆಯ ಹೆಲ್ಮೆಟ್ ಸಾಕು. ದುಡ್ಡು ಮಿಕ್ಕಿದರೆ ಎಕ್ಸಾಸ್ಟ್, ಸಸ್ಪೆನ್ಷನ್ ಅಂತ ಹೋಗದೆ ಪಕ್ಕದಲ್ಲಿ ಕೂತು ಕಲಿಸುವ ಇನ್‌ಸ್ಟ್ರಕ್ಟರ್‌ಗೆ ಕೊಡಿ. ಸರಿಯಾಗಿ ಬ್ರೇಕ್ ಹಾಕಲು ಕಲಿತವರ ಪ್ಯಾಡೂ ಟೈರೂ ಜಾಸ್ತಿ ದಿನ ಬರುತ್ತವೆ. ಪ್ರತಿ ಸೆಷನ್ನಿನ ಕೊನೆಯ ಲ್ಯಾಪ್ ಬ್ರೇಕ್ ಹೆಚ್ಚು ಮುಟ್ಟದೆ ನಿಧಾನಕ್ಕೆ ಓಡಿಸಿ, ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗಿಯರ್‌ನಲ್ಲಿ ನಿಲ್ಲಿಸಿ. ಮನೆಗೆ ಬಂದ ಮಾರನೆಯ ದಿನ ಪ್ಯಾಡ್ ದಪ್ಪ, ನಾಲ್ಕೂ ಟೈರಿನ ಅಂಚು ನೋಡಿ ಬರೆದಿಟ್ಟುಕೊಳ್ಳಿ. ಮೂರನೇ ಸಲದ ಹೊತ್ತಿಗೆ ನಾನು ಮೇಲೆ ಕೊಟ್ಟ ಐದು, ನಾಲ್ಕು, ಹತ್ತರ ಜಾಗದಲ್ಲಿ ನಿಮ್ಮದೇ ಕಾರಿನ ಅಂಕಿ ಹಾಕಿಕೊಳ್ಳಬಹುದು.