ಹೈಬ್ರಿಡ್ ಕಾರು ಅಂದರೆ ಯಾವ ಹೈಬ್ರಿಡ್?

ನಮ್ಮ ವಿಜಯಪುರದ ಕಡೆ ಹೈಬ್ರಿಡ್ ಅನ್ನೋ ಪದ ಕಾರಿಗಿಂತ ಮೊದಲು ಹೊಲಕ್ಕೆ ಬಂತು. ಹೈಬ್ರಿಡ್ ಜೋಳ ಇಳುವರಿಗೆ ಚಲೋ, ರೊಟ್ಟಿಗೆ ಮಾತ್ರ ಮಾಲದಂಡಿಯೇ ಬೇಕು ಅನ್ನೋರು ಇಂದಿಗೂ ಇದ್ದಾರೆ. ಜೋಳದಲ್ಲಿ ಎರಡು ತಳಿ ಕೂಡಿ ಒಂದು ಬೀಜ ಆಗುತ್ತದೆ. ಕಾರಿನಲ್ಲಿ ಹಾಗೆ ಕೂಡೋದಿಲ್ಲ. ಪೆಟ್ರೋಲ್ ಎಂಜಿನ್ ಒಂದು ಕಡೆ, ಕರೆಂಟಿನ ಮೋಟರ್ ಇನ್ನೊಂದು ಕಡೆ, ಎರಡೂ ಬೇರೆಬೇರೆಯಾಗಿಯೇ ಇರುತ್ತವೆ. ಯಾವುದು ಯಾವಾಗ ದುಡಿಯಬೇಕು ಅನ್ನೋದನ್ನು ಕಾರಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ತಕರಾರು ಇರೋದು ಆ ಮೋಟರ್ ಎಷ್ಟು ದುಡಿಯುತ್ತದೆ ಅನ್ನೋದರಲ್ಲಿ. ಸುಮ್ನೆ ಎಂಜಿನ್ನಿಗೆ ಕೈ ಹಚ್ಚುವ ಚಿಕ್ಕ ಮೋಟರ್ ಇದ್ದರೂ ಹೈಬ್ರಿಡ್, ಇಡೀ ಕಾರನ್ನೇ ಎಳೆಯುವ ಮೋಟರ್ ಇದ್ದರೂ ಹೈಬ್ರಿಡ್. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ 2022ರಲ್ಲಿ ಬಂದಾಗ ಒಂದೇ ಕಾರಿನಲ್ಲಿ ಈ ಎರಡೂ ಬಗೆ ಇದ್ದವು. ಎರಡಕ್ಕೂ ಹೈಬ್ರಿಡ್ ಅಂತಲೇ ಹೆಸರು, ಬೆಲೆಯಲ್ಲಿ ಮಾತ್ರ ಲಕ್ಷಗಳ ಅಂತರ. ಅಂದಹಾಗೆ ಈ ಎರಡೂ ಕಾರು ತಯಾರಾಗಲು ಶುರುವಾದದ್ದು ನಮ್ಮ ಬಿಡದಿಯಲ್ಲೇ.

ಹಾಗಾಗಿ ಶೋರೂಮಿನಲ್ಲಿ ಹೈಬ್ರಿಡ್ ಅಂದ ಕೂಡಲೇ ಎರಡು ಪ್ರಶ್ನೆ ಕೇಳಿ. ಎಂಜಿನ್ ಪೂರ್ತಿ ಬಂದ್ ಇದ್ದಾಗ ಕಾರು ಮುಂದಕ್ಕೆ ಹೋಗುತ್ತಾ? ಮನೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಬಹುದಾ? ಎರಡಕ್ಕೂ ಇಲ್ಲ ಅಂದರೆ ಅದು ಮೈಲ್ಡ್ ಹೈಬ್ರಿಡ್. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂದರೆ ಸ್ಟ್ರಾಂಗ್ ಹೈಬ್ರಿಡ್. ಎರಡಕ್ಕೂ ಹೌದು ಅಂದರೆ ಪ್ಲಗ್-ಇನ್ ಹೈಬ್ರಿಡ್. ಎಂಜಿನ್ನೇ ಇಲ್ಲ ಅಂದರೆ ಅದು ಪೂರ್ತಿ ಎಲೆಕ್ಟ್ರಿಕ್, ಅಂದರೆ ಇವಿ. ಮೊದಲ ಎರಡಕ್ಕೆ ಮಾಮೂಲಿ ಬಿಳಿ ನಂಬರ್ ಪ್ಲೇಟ್. ಹಸಿರು ಪ್ಲೇಟ್ ಸಿಗೋದು ಬ್ಯಾಟರಿಯಿಂದಲೇ ಓಡುವ ಗಾಡಿಗೆ.

ಮೈಲ್ಡ್ ಹೈಬ್ರಿಡ್ ಬಗ್ಗೆ ಹೇಳೋದು ಬಹಳ ಇಲ್ಲ. ಮಾಮೂಲಿ ಕಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇರುತ್ತದೆ, ಅಲ್ವಾ? ಅದರ ಜಾಗದಲ್ಲಿ ಸ್ವಲ್ಪ ಬಲವಾದ ಒಂದು ಮೋಟರ್ ಕೂರಿಸುತ್ತಾರೆ. ಅದು ಬೆಲ್ಟಿನ ಮೂಲಕ ಎಂಜಿನ್ನಿಗೆ ಜೋಡಿಯಾಗಿರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ಬಂದ್ ಆಗುತ್ತದೆ, ಮತ್ತೆ ಮೆತ್ತಗೆ ಚಾಲೂ ಆಗುತ್ತದೆ. ವೇಗ ಹಿಡಿಯುವಾಗ ಮೋಟರ್ ಒಂದಿಷ್ಟು ನೂಕುತ್ತದೆ. ಅಷ್ಟೇ. ಮಾರುತಿ ಇದನ್ನು 2015ರಲ್ಲಿ ಸಿಯಾಜ್ ಡೀಸೆಲ್‌ನಲ್ಲಿ ತಂದಿತು. ಆಗ ಕೇಂದ್ರ ಸರ್ಕಾರದ ಫೇಮ್ ಯೋಜನೆಯಲ್ಲಿ ಇದಕ್ಕೂ ಸಬ್ಸಿಡಿ ಸಿಗುತ್ತಿತ್ತು. 2017ರಲ್ಲಿ ಮೈಲ್ಡ್ ಹೈಬ್ರಿಡ್‌ಗಳನ್ನು ಆ ಪಟ್ಟಿಯಿಂದ ತೆಗೆದರು. ಸರ್ಕಾರಕ್ಕೇ ಇದು ಪೂರಾ ಹೈಬ್ರಿಡ್ ಅನ್ನಿಸಲಿಲ್ಲ ಅಂದ ಹಾಗಾಯಿತು.

ನಮ್ಮ ಊರಿನ ಬಿಸಿಲಿಗೆ ಇದರಲ್ಲಿ ಒಂದು ಕಿರಿಕಿರಿಯೂ ಇದೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಎಸಿ ಕಂಪ್ರೆಸರ್ ಎಂಜಿನ್ ಬೆಲ್ಟಿನಿಂದಲೇ ತಿರುಗುತ್ತದೆ. ಎಂಜಿನ್ ನಿಂತರೆ ಬರೀ ಫ್ಯಾನ್ ಗಾಳಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ಒಳಗೆ ಸೆಕೆ ಏರುತ್ತದೆ, ಕಾರು ಮತ್ತೆ ಎಂಜಿನ್ ಚಾಲೂ ಮಾಡುತ್ತದೆ. ಉಳಿತಾಯ ಅಲ್ಲಿಗೆ ಮುಗಿಯಿತು.

ಈಗ ಸ್ಟ್ರಾಂಗ್ ಹೈಬ್ರಿಡ್. ಜಗತ್ತಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಟೊಯೋಟಾ ಪ್ರಿಯಸ್, 1997ರಲ್ಲಿ, ಜಪಾನಿನಲ್ಲಿ. ನಮ್ಮಲ್ಲಿ ಈಗ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಇವುಗಳಲ್ಲಿ ಸಿಗುತ್ತದೆ. ಇದು ಹೇಗೆ ನಡೆಯುತ್ತದೆ ಅಂತ ಓದಿ ತಿಳಿಯೋದಕ್ಕಿಂತ ನೋಡಿ ತಿಳಿಯೋದು ಸುಲಭ. ಟೆಸ್ಟ್ ಡ್ರೈವ್‌ಗೆ ಕೊಟ್ಟರೆ ಸಂಜೆ ಹೊತ್ತು ಗಾಂಧಿ ಚೌಕದ ಕಡೆ ಒಯ್ಯಿರಿ. ಸೇಲ್ಸ್‌ನವರು ಬೈಪಾಸ್ ಕಡೆ ಕರೆದರೆ ಅದು ಆಮೇಲೆ ಅನ್ನಿ. ಮುಂದೆ ಟಂಟಂ, ಪಕ್ಕದಲ್ಲಿ ಹಣ್ಣಿನ ಗಾಡಿ, ನಡುವೆ ನುಗ್ಗುವ ಬೈಕು. ಪರದೆಯ ಮೇಲೆ ಎಂಜಿನ್, ಬ್ಯಾಟರಿ, ಚಕ್ರ, ಮೂರರ ಚಿತ್ರ ಹಾಕಿಕೊಳ್ಳಿ.

ಬ್ರೇಕಿನ ಮೇಲಿಂದ ಕಾಲು ಎತ್ತಿದ ಕೂಡಲೇ ಕಾರು ಸದ್ದಿಲ್ಲದೆ ಸರಿಯುತ್ತದೆ. ಬಾಣದ ಗುರುತು ಬ್ಯಾಟರಿಯಿಂದ ಚಕ್ರಕ್ಕೆ ಓಡುತ್ತಿರುತ್ತದೆ. ಎಂಜಿನ್ ಬಂದ್, ಆದರೂ ಎಸಿ ತಣ್ಣಗೇ ಇರುತ್ತದೆ. ಯಾಕಂದರೆ ಇಲ್ಲಿ ಕಂಪ್ರೆಸರ್ ಕೂಡ ಕರೆಂಟಿನದು. ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಎದ್ದು ಗುಂಯ್ ಅನ್ನುತ್ತದೆ. ಈಗ ಬಾಣ ಎರಡು: ಒಂದು ಎಂಜಿನ್ನಿನಿಂದ ಚಕ್ರಕ್ಕೆ, ಇನ್ನೊಂದು ಎಂಜಿನ್ನಿನಿಂದ ಬ್ಯಾಟರಿಗೆ. ಮುಂದೆ ಟಂಟಂ ಗಕ್ಕನೆ ನಿಂತಿತು, ನೀವು ಬ್ರೇಕ್ ಹಾಕಿದಿರಿ. ಬಾಣ ಉಲ್ಟಾ ಆಯಿತು, ಚಕ್ರದಿಂದ ಬ್ಯಾಟರಿಗೆ. ಮಾಮೂಲಿ ಕಾರಿನಲ್ಲಿ ಬ್ರೇಕ್ ಪ್ಯಾಡ್ ಬಿಸಿಯಾಗಿ ಹಾಳಾಗುವ ಶಕ್ತಿ ಇಲ್ಲಿ ಮರಳಿ ಬ್ಯಾಟರಿಗೆ ಬರುತ್ತದೆ. ಇದಕ್ಕೆ ರೀಜೆನ್ ಅನ್ನುತ್ತಾರೆ, ರೀಜನರೇಟಿವ್ ಬ್ರೇಕಿಂಗ್‌ನ ಮೋಟು ಹೆಸರು. ಬ್ಯಾಟರಿಯ ಗೆರೆಗಳು ತೀರಾ ಕೆಳಗೆ ಇಳಿದರೆ ನಿಂತಲ್ಲೇ ಎಂಜಿನ್ ಚಾಲೂ ಆಗುತ್ತದೆ. ಗಾಬರಿ ಬೇಡ, ಅದು ಚಾರ್ಜ್ ಮಾಡಿಕೊಳ್ಳುತ್ತಿದೆ.

ಇಲ್ಲೇ ಜಾಹೀರಾತಿನ ಒಂದು ಮಾತಿನ ಬಗ್ಗೆ ಎಚ್ಚರ ಇರಲಿ. "ತಾನೇ ಚಾರ್ಜ್ ಆಗುವ ಎಲೆಕ್ಟ್ರಿಕ್" ಅಂತ ಹೇಳುತ್ತಾರೆ. ಕೇಳಲು ಪುಕ್ಕಟೆ ಕರೆಂಟ್ ಬಂದ ಹಾಗೆ ಇದೆ. ಆದರೆ ಸ್ಟ್ರಾಂಗ್ ಹೈಬ್ರಿಡ್‌ನ ಪ್ರತಿ ಹನಿ ಶಕ್ತಿಯೂ ಪೆಟ್ರೋಲ್ ಟ್ಯಾಂಕಿನಿಂದಲೇ ಬರೋದು. ಬ್ರೇಕ್ ಹಾಕಿ ಉಳಿಸಿದ್ದೂ ಮೊದಲು ಪೆಟ್ರೋಲ್ ಸುಟ್ಟು ಪಡೆದ ವೇಗವೇ. ಅದರ ಬ್ಯಾಟರಿ ಎಷ್ಟು ಚಿಕ್ಕದು ಗೊತ್ತಾ? ಹೈರೈಡರ್‌ನದು ಸುಮಾರು 0.76 ಕಿಲೋವ್ಯಾಟ್ ಅವರ್. ಟಾಟಾ ನೆಕ್ಸಾನ್ ಇವಿಯ ದೊಡ್ಡ ಬ್ಯಾಟರಿ 45. ಹೆಚ್ಚೂಕಡಿಮೆ 60 ಪಟ್ಟು. ಹಾಗಾಗಿ ಹೈಬ್ರಿಡ್ ಕಾರು ಬರೀ ಕರೆಂಟಿನ ಮೇಲೆ ಒಂದೇ ಓಟಕ್ಕೆ ಒಂದೆರಡು ಕಿಲೋಮೀಟರ್ ಹೋದರೆ ಹೆಚ್ಚು. ಮತ್ತೆ ತುಂಬಿಕೊಂಡು ಮತ್ತೆ ಹೋಗುತ್ತದೆ. ಬೆಳಗಾವಿಯವರು ಚೋರ್ಲಾ ಘಾಟಿನಲ್ಲಿ ಗೋವಾ ಕಡೆ ಇಳಿಯುವಾಗ ಇದು ಚೆನ್ನಾಗಿ ಕಾಣುತ್ತದೆ. ಸ್ವಲ್ಪ ಇಳಿಯುವಷ್ಟರಲ್ಲಿ ಬ್ಯಾಟರಿ ಭರ್ತಿ. ಆಮೇಲೆ ಉಳಿಸಿಕೊಳ್ಳಲು ಜಾಗ ಇಲ್ಲ, ಎಂಜಿನ್ ಸುಮ್ನೆ ತಿರುಗುತ್ತಾ ಕಾರನ್ನು ತಡೆಯುತ್ತದೆ.

ಮೈಲೇಜಿನ ಅಂಕಿ ನೋಡೋಣ. ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ಕಂಪನಿ ಹೇಳಿದ್ದು ಲೀಟರ್‌ಗೆ 27.97 ಕಿಲೋಮೀಟರ್. ಇದು ಸುಳ್ಳಲ್ಲ, ಆದರೆ ರಸ್ತೆಯದೂ ಅಲ್ಲ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗಗಳಲ್ಲಿ ಓಡಿಸಿ ಅಳೆದದ್ದು. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿಲೋಮೀಟರ್ ದಾಟೋದೇ ಇಲ್ಲ. ನಡುನಡುವೆ ನಿಲ್ಲೋದು, ಹೊರಡೋದು ಬಹಳ. ಹೈಬ್ರಿಡ್‌ಗೆ ಇಷ್ಟವಾದದ್ದೇ ಅದು.

ನಮ್ಮ ಓಡಾಟ ಹೀಗಿದೆಯಾ? ವಿಜಯಪುರದಲ್ಲಿ ಊರೊಳಗಿನ ಕೆಲಸಕ್ಕೆ ಬೈಕು, ಸ್ಕೂಟಿ ಸಾಕು. ಕಾರು ಹೊರಗೆ ತೆಗೆಯೋದು ಸೊಲ್ಲಾಪುರದ ಆಸ್ಪತ್ರೆಗೆ, ಹುಬ್ಬಳ್ಳಿಗೆ, ಕೂಡಲಸಂಗಮಕ್ಕೆ, ಪಂಢರಪುರಕ್ಕೆ, ಇಲ್ಲಾ ಜಮಖಂಡಿಯ ಬೀಗರ ಮದುವೆಗೆ. ಅಂದರೆ 52ನೇ ಹೆದ್ದಾರಿಯಲ್ಲೋ 50ನೇ ಹೆದ್ದಾರಿಯಲ್ಲೋ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಟ. ಅಲ್ಲಿ ಬ್ರೇಕ್ ಹಾಕೋದೇ ಕಡಿಮೆ, ಮರಳಿ ಬರಲು ಶಕ್ತಿಯೇ ಇಲ್ಲ. ಎಂಜಿನ್ ಹೆಚ್ಚು ಹೊತ್ತು ದುಡಿಯುತ್ತದೆ. ಹೈಬ್ರಿಡ್ ಆಗಲೂ ಮಾಮೂಲಿ ಕಾರಿಗಿಂತ ಕಡಿಮೆ ಕುಡಿಯುತ್ತದೆ, ಆದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕಾಣುವ ಅಂತರ ಇಲ್ಲಿ ಕಾಣೋದಿಲ್ಲ.

ಲೆಕ್ಕ ಹಾಕೋಣ. ಪೆಟ್ರೋಲ್ ಲೀಟರ್‌ಗೆ 100 ರೂಪಾಯಿ ಅಂತ ಸಲೀಸಾಗಿ ಹಿಡಿಯೋಣ. ವರ್ಷಕ್ಕೆ 12,000 ಕಿಲೋಮೀಟರ್ ಓಟ. ಹೆಚ್ಚಾಗಿ ಹೆದ್ದಾರಿ ಅಂದರೆ ಮಾಮೂಲಿ ಕಾರು 15, ಸ್ಟ್ರಾಂಗ್ ಹೈಬ್ರಿಡ್ 20 ಕೊಟ್ಟಿತು ಅಂತಿಟ್ಟುಕೊಳ್ಳಿ. ಖರ್ಚು 80,000 ಒಂದಕ್ಕೆ, 60,000 ಇನ್ನೊಂದಕ್ಕೆ. ಉಳಿದದ್ದು ವರ್ಷಕ್ಕೆ 20,000. ಹೈಬ್ರಿಡ್‌ಗೆ 2 ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ತಿರುಗಿ ಬರಲು 10 ವರ್ಷ. ಇದೇ ಓಟ ಪೂರ್ತಿ ಸಿಟಿಯಲ್ಲಿ, ಮಾಮೂಲಿ ಕಾರು 12, ಹೈಬ್ರಿಡ್ 24 ಅಂದರೆ ಉಳಿತಾಯ ವರ್ಷಕ್ಕೆ 50,000. 4 ವರ್ಷಕ್ಕೆ ವಸೂಲ್. ಕಾರು ಒಂದೇ, ಮಾಲೀಕ ಯಾವ ಊರಿನವನು ಅನ್ನೋದರ ಮೇಲೆ ಲೆಕ್ಕ ಬದಲು. ನನ್ನ ಮಟ್ಟಿಗೆ, ವರ್ಷಕ್ಕೆ 20,000 ಕಿಲೋಮೀಟರ್ ಮೇಲೆ ಓಡಿಸದವರು ನಮ್ಮ ಜಿಲ್ಲೆಯಲ್ಲಿ ಬರೀ ಮೈಲೇಜಿಗಾಗಿ ಸ್ಟ್ರಾಂಗ್ ಹೈಬ್ರಿಡ್ ಕೊಳ್ಳೋದು ಬೇಡ. ಆ ಮೆತ್ತನೆಯ ಓಟ, ಗೇರಿನ ರಗಳೆ ಇಲ್ಲದ್ದು ಇಷ್ಟವಾಗಿ ಕೊಂಡರೆ ಅದು ಬೇರೆ ಮಾತು.

ತೆರಿಗೆಯಲ್ಲೂ ಹೈಬ್ರಿಡ್‌ಗೆ ದೊಡ್ಡ ರಿಯಾಯಿತಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಬಂದ ಜಿಎಸ್‌ಟಿ ದರದಲ್ಲಿ ಇವಿಗೆ 5%. ಉದ್ದ 4 ಮೀಟರ್ ಒಳಗೆ, ಎಂಜಿನ್ 1200 ಸಿಸಿ ಒಳಗೆ ಇರುವ ಪೆಟ್ರೋಲ್ ಕಾರಿಗೆ, ಪೆಟ್ರೋಲ್ ಹೈಬ್ರಿಡ್‌ಗೂ, 18%. ಅದಕ್ಕಿಂತ ದೊಡ್ಡದಕ್ಕೆ 40%. ಹೈರೈಡರ್ ತರಹದ ಕಾರು ಉದ್ದದಲ್ಲೂ ಸಿಸಿಯಲ್ಲೂ ಮಿತಿ ದಾಟುತ್ತದೆ, ಹಾಗಾಗಿ ಮೈಲ್ಡ್ ಆಗಲಿ ಸ್ಟ್ರಾಂಗ್ ಆಗಲಿ 40%.

ಇನ್ನು ಇವಿ. ಇದರಲ್ಲಿ ಜನರನ್ನು ಹೆದರಿಸುವ ಪದ ಕಿಲೋವ್ಯಾಟ್ ಅವರ್. ಹೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್ ಅಂದರೆ ಇದೇ. 45 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದರೆ 45 ಯೂನಿಟ್ ಹಿಡಿಯುವ ಬ್ಯಾಟರಿ. ಬರೀ ಕಿಲೋವ್ಯಾಟ್ ಅಂದರೆ ಬೇರೆ, ಅದು ತುಂಬುವ ಇಲ್ಲವೇ ಎಳೆಯುವ ಬಿರುಸು. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಸುಮಾರು 3.3 ಕಿಲೋವ್ಯಾಟ್ ಬರುತ್ತದೆ, ಆ ಬ್ಯಾಟರಿ ಖಾಲಿಯಿಂದ ತುಂಬಲು 15 ತಾಸು. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಏಳು ತಾಸಿನ ಆಸುಪಾಸು. ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ 10ರಿಂದ 80% ಆಗಲು ಒಂದು ಊಟದ ಹೊತ್ತು. 80 ಆದ ಮೇಲೆ ಅದು ನಿಧಾನವಾಗುತ್ತದೆ, ಕಾಯೋದರಲ್ಲಿ ಅರ್ಥ ಇಲ್ಲ.

ರೇಂಜ್ ಅನ್ನೋದು ಇನ್ನೊಂದು ಪದ, ಒಮ್ಮೆ ತುಂಬಿದರೆ ಎಷ್ಟು ದೂರ ಅಂತ. ನೆಕ್ಸಾನ್ ಇವಿ 45ಕ್ಕೆ ಕಾಗದದ ಮೇಲೆ 489 ಕಿಲೋಮೀಟರ್ ಇದೆ. ಹೆದ್ದಾರಿ ಓಟಕ್ಕೆ ಇದರ ಮೂರರಲ್ಲಿ ಎರಡು ಪಾಲು ಹಿಡಿಯಿರಿ, 325 ಬಂತು. ವೇಗ ಏರಿದಷ್ಟೂ ಗಾಳಿಯ ತಡೆ ಏರುತ್ತದೆ, 100ಕ್ಕೆ ಹೋದರೆ 80ಕ್ಕಿಂತ ಬೇಗ ಖಾಲಿ. ಪೆಟ್ರೋಲ್ ಕಾರು ಸಿಟಿಯಲ್ಲಿ ಜಾಸ್ತಿ ಕುಡಿಯುತ್ತದೆ, ಇವಿ ಹೆದ್ದಾರಿಯಲ್ಲಿ ಜಾಸ್ತಿ ಕುಡಿಯುತ್ತದೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿಲೋಮೀಟರ್, ಹೋಗಿ ಬರಲು ಎಲ್ಲೂ ಚಾರ್ಜ್ ಬೇಡ. ಹುಬ್ಬಳ್ಳಿಗೆ 200ರ ಹತ್ತಿರ, ಅಲ್ಲಿ ಕೆಲಸ ಮುಗಿಸುವ ಹೊತ್ತಿಗೆ ಒಮ್ಮೆ ಹಾಕಬೇಕು. ಬೆಂಗಳೂರು 500 ದಾಟುತ್ತದೆ, ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಅಂತ ಮೊದಲೇ ನೋಡಿಕೊಂಡು ಹೊರಡಬೇಕು.

ಖರ್ಚಿನಲ್ಲಿ ಮಾತ್ರ ಇವಿಯನ್ನು ಯಾವುದೂ ಮುಟ್ಟೋದಿಲ್ಲ. ಯೂನಿಟ್ಟಿಗೆ 7 ಕಿಲೋಮೀಟರ್ ಅಂದುಕೊಳ್ಳಿ. ಅದೇ 12,000 ಕಿಲೋಮೀಟರ್‌ಗೆ, ಚಾರ್ಜ್ ಮಾಡುವಾಗ ಸೋರಿಹೋಗೋದೂ ಸೇರಿ, ಸುಮಾರು 1,950 ಯೂನಿಟ್. ಮನೆಯಲ್ಲಿ 8 ರೂಪಾಯಿ ಅಂದರೂ 15,600. ಹೊರಗೆ ಫಾಸ್ಟ್ ಚಾರ್ಜರ್‌ನಲ್ಲೇ ಎಲ್ಲ ತುಂಬಿಸಿ, ಯೂನಿಟ್ಟಿಗೆ 20 ಕೊಟ್ಟರೆ 39,000. ಅಂದರೆ ಇವಿಯ ಲಾಭ ಇರೋದು ಮನೆಯ ಪ್ಲಗ್ಗಿನಲ್ಲಿ. ಇದರಲ್ಲಿ ನಮ್ಮ ಊರುಗಳು ಬೆಂಗಳೂರಿಗಿಂತ ಮೇಲು. ಸ್ವಂತ ಮನೆ, ಸ್ವಂತ ಕಂಪೌಂಡು, ಕಾರು ಅಂಗಳದಲ್ಲೇ ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ಸಂಘದ ಅಪ್ಪಣೆ ಕೇಳಬೇಕಿಲ್ಲ. ಒಂದು ವಿಚಿತ್ರ ನೋಡಿ: ಇವಿ ಅಂದರೆ ದೊಡ್ಡ ಊರಿನ ಗಾಡಿ ಅಂತ ನಾವು ಅಂದುಕೊಂಡಿದ್ದೇವೆ, ಅದನ್ನು ಕಟ್ಟಿಕೊಳ್ಳಲು ಅನುಕೂಲ ಇರೋದು ನಮ್ಮಲ್ಲೇ.

ಪ್ಲಗ್-ಇನ್ ಹೈಬ್ರಿಡ್ ನಮ್ಮ ಬಜೆಟ್ಟಿನಲ್ಲಿ ಸದ್ಯಕ್ಕೆ ಇಲ್ಲ, ಭಾರತದಲ್ಲಿ ಅದು ಹೆಚ್ಚಾಗಿ ದುಬಾರಿ ಕಾರುಗಳ ಮಾತು. ರೇಂಜ್ ಎಕ್ಸ್‌ಟೆಂಡರ್ ಅನ್ನೋ ಹೆಸರೂ ಕಿವಿಗೆ ಬೀಳಬಹುದು. ಅದರಲ್ಲಿ ಎಂಜಿನ್ ಚಕ್ರ ಮುಟ್ಟೋದಿಲ್ಲ, ಬ್ಯಾಟರಿಗೆ ಜನರೇಟರ್ ಆಗಿ ಮಾತ್ರ ಇರುತ್ತದೆ. ಫ್ಲೆಕ್ಸ್ ಫ್ಯೂಯಲ್ ಅಂದರೆ ಬೇರೆಯೇ ಸಂಗತಿ, ಅದಕ್ಕೂ ಕರೆಂಟಿಗೂ ಸಂಬಂಧ ಇಲ್ಲ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲಿ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ 20% ಬೆರೆಯುತ್ತದೆ. ಅದಕ್ಕಿಂತ ಬಹಳ ಹೆಚ್ಚು ಬೆರೆಸಿದರೂ ಓಡುವ ಎಂಜಿನ್ನಿಗೆ ಆ ಹೆಸರು.

ಬ್ಯಾಟರಿ ಕೆಟ್ಟರೆ ಏನು ಗತಿ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಟೊಯೋಟಾ, ಮಾರುತಿ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತವೆ. ಇವಿ ಬ್ಯಾಟರಿಗಳಿಗೂ ಹೆಚ್ಚೂಕಡಿಮೆ ಇದೇ ಇಲ್ಲವೇ ಇದಕ್ಕಿಂತ ಜಾಸ್ತಿ. ಕಾಗದದಲ್ಲಿ ನೋಡಬೇಕಾದದ್ದು ವರ್ಷ ಅಲ್ಲ, ಬ್ಯಾಟರಿ ಚಾರ್ಜ್ ಹಿಡಿಯುವ ಶಕ್ತಿ ಎಷ್ಟು ಶೇಕಡಾಕ್ಕಿಂತ ಕೆಳಗೆ ಬಂದರೆ ಬದಲಿಸಿ ಕೊಡುತ್ತಾರೆ ಅನ್ನೋದು.

ಇವಿ ಬುಕ್ ಮಾಡುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಒಮ್ಮೆ ಮನೆಗೆ ಕರೆಸಿ. ಹಳೆ ಮನೆಗಳಲ್ಲಿ ಮಂಜೂರಾದ ಲೋಡ್ ಕಡಿಮೆ ಇರುತ್ತದೆ, 7.2 ಕಿಲೋವ್ಯಾಟ್ ಚಾರ್ಜರ್ ಹಾಕಬೇಕಂದರೆ ಹೆಸ್ಕಾಂಗೆ ಅರ್ಜಿ ಕೊಟ್ಟು ಏರಿಸಬೇಕು. ಅದಕ್ಕಿಂತ ಜಾಸ್ತಿ ಕಾಡೋದು ಅರ್ಥಿಂಗ್. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ, ಕಾರು ಚಾರ್ಜ್ ಆಗೋದೇ ಇಲ್ಲ. ಕಾರು ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್‌ಗೆ ಫೋನ್ ಹೋಗೋದು ಆಗಲೇ. ಇದ್ದಿಲು, ಉಪ್ಪು ಹಾಕಿದ ಹಳೆ ಅರ್ಥಿಂಗ್ ಗುಂಡಿ ನಮ್ಮ ಬೇಸಿಗೆಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಮೊದಲು ಅದಕ್ಕೆ ಎರಡು ಕೊಡ ನೀರು ಹಾಕಿ ನೋಡಿ. ಆಗಲೂ ಕೆಂಪು ದೀಪ ಹೋಗದಿದ್ದರೆ ಹೊಸ ಗುಂಡಿ ತೋಡಿಸಿ.