ಅಕ್ಕನ ಮನೆಯ ಹಲಸು, ನನ್ನ ತಾರಸಿಯ ಬ್ಲೂಬೆರಿ

ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕ ಪ್ರತಿ ವರ್ಷ ಅಕ್ಟೋಬರ್ ಬಂದ ಕೂಡಲೇ ಒಂದು ಹಲಸಿನ ಗಿಡವನ್ನು ಎಳೆದು ಮನೆಯೊಳಗೆ ಇಟ್ಟುಕೊಳ್ಳುತ್ತಾಳೆ. ಬೀಜ ಹಾಕಿ ಬೆಳೆಸಿದ ಗಿಡ. ದೊಡ್ಡ ಕುಂಡದಲ್ಲಿದೆ, ಅವಳ ಸೊಂಟದಷ್ಟು ಎತ್ತರ. ಇತ್ತ ಬೆಂಗಳೂರಿನಲ್ಲಿ ನನ್ನ ತಾರಸಿಯ ಮೇಲೆ ಒಂದು ಬ್ಲೂಬೆರಿ ಗಿಡ ಇದೆ. ತಂದು ಮೂರು ವರ್ಷ ಆಯಿತು, ಒಂದು ಹೂವೂ ಬಿಟ್ಟಿಲ್ಲ. ಫೋನಿನಲ್ಲಿ ಅಮ್ಮನ ಆರೋಗ್ಯ, ಮಕ್ಕಳ ಸ್ಕೂಲು ಎಲ್ಲ ಮುಗಿದ ಮೇಲೆ ನಮ್ಮಿಬ್ಬರ ಮಾತು ಈ ಎರಡು ಗಿಡಗಳಿಗೆ ಬಂದು ನಿಲ್ಲುತ್ತದೆ. ಅವಳ ಗಿಡಕ್ಕೆ ಚಳಿ ಜಾಸ್ತಿ, ನನ್ನ ಗಿಡಕ್ಕೆ ಚಳಿ ಸಾಲದು. ಇದೆಂಥ ವಿಚಿತ್ರ ಅಂತ ಓದಲು ಕೂತವನಿಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಲಸಿನಿಂದ ಶುರು ಮಾಡೋಣ. ಪಶ್ಚಿಮ ಘಟ್ಟದ ಮಳೆಕಾಡು ಇದರ ತವರು. ತಾಪಮಾನ ಸೊನ್ನೆ ಡಿಗ್ರಿಗೆ ಇಳಿದರೆ ಎಲೆ ಸುಡುತ್ತದೆ. ಇನ್ನೊಂದು ಡಿಗ್ರಿ ಇಳಿದರೆ ಕೊಂಬೆಗೆ ಪೆಟ್ಟು. ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಹೋದರೆ ಮರವೇ ಸಾಯಬಹುದು. ಆದರೆ ನೀರು ಹೆಪ್ಪುಗಟ್ಟುವ ತನಕ ಏನೂ ತೊಂದರೆ ಇಲ್ಲ ಅಂತಲ್ಲ. ಉಷ್ಣವಲಯದ ಎಷ್ಟೋ ಗಿಡಗಳಿಗೆ ಹತ್ತು ಹನ್ನೆರಡು ಡಿಗ್ರಿಯ ಚಳಿಯಲ್ಲೇ ಒಳಗಿನ ಕೆಲಸ ಕೆಡಲು ಶುರುವಾಗುತ್ತದೆ.

ಯಾಕೆ ಅಂತ ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಬೆಳ್ಳಗೆ ಕೂತಿರುತ್ತದೆ, ಅಲ್ವಾ? ಪಕ್ಕದಲ್ಲೇ ಇರುವ ಕಡ್ಲೆಕಾಯಿ ಎಣ್ಣೆ ಮಾತ್ರ ನೀರಿನಂತೆ ಹರಿಯುತ್ತಿರುತ್ತದೆ. ಎರಡರಲ್ಲೂ ಇರುವುದು ಕೊಬ್ಬೇ, ಆದರೆ ಅದರ ಅಣುಗಳ ಆಕಾರ ಬೇರೆ. ಕೊಬ್ಬರಿ ಎಣ್ಣೆಯವು ನೆಟ್ಟಗೆ ಇರುವುದರಿಂದ ಸೌದೆ ಒಟ್ಟಿದ ಹಾಗೆ ಒತ್ತಾಗಿ ಕೂರುತ್ತವೆ. ಕಡ್ಲೆಕಾಯಿ ಎಣ್ಣೆಯವು ನಡುವೆ ಡೊಂಕು, ಹಾಗಾಗಿ ಒತ್ತಾಗಿ ಕೂರಲು ಬರುವುದಿಲ್ಲ. ಗಿಡದ ಪ್ರತಿ ಜೀವಕೋಶಕ್ಕೂ ಸುತ್ತ ಇಂಥದೇ ಕೊಬ್ಬಿನ ತೆಳು ಪೊರೆ ಇರುತ್ತದೆ. ಪೊರೆ ಮೆತ್ತಗೆ ಇದ್ದರೆ ತಾನೇ ಒಳಗಿನದು ಹೊರಗೆ, ಹೊರಗಿನದು ಒಳಗೆ ಸರಿಯಾಗಿ ಓಡಾಡುವುದು. ಚಳಿಗೆ ಪೊರೆ ಬಿಗಿದುಕೊಂಡರೆ ಅಲ್ಲಲ್ಲಿ ಸೋರುತ್ತದೆ, ಎಲೆ ಕಪ್ಪಾಗಿ ಜೋತುಬೀಳುತ್ತದೆ.

ಬ್ಲೂಬೆರಿ ಇಲ್ಲಿ ಮಾಡುವ ಉಪಾಯ ನೋಡಿ. ಬೇಸಿಗೆ ಮುಗಿದು ಹಗಲು ಚಿಕ್ಕದಾಗುತ್ತಾ ಬಂದಾಗಲೇ, ಅಂದರೆ ಚಳಿ ಜೋರಾಗುವ ಮುಂಚೆಯೇ, ತಯಾರಿ ಶುರು ಮಾಡುತ್ತದೆ. ಪೊರೆಯಲ್ಲಿ ಡೊಂಕು ಅಣುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಜೀವಕೋಶದೊಳಗೆ ಸಕ್ಕರೆ ಕೂಡಿಡುತ್ತದೆ. ಮಂಜುಗಡ್ಡೆ ಕಟ್ಟುವುದೇ ಆದರೆ ಕೋಶಗಳ ನಡುವಿನ ಸಂದಿಯಲ್ಲಿ ಕಟ್ಟಲಿ ಅಂತ ಬಿಡುತ್ತದೆ. ಕೋಶದ ನೀರು ಅತ್ತ ಹರಿದು, ಒಳಗೆ ಉಳಿಯುವುದು ದಪ್ಪ ಪಾಕ. ಬೆಲ್ಲದ ಪಾಕವನ್ನು ಫ್ರೀಜರಿನಲ್ಲಿ ಇಟ್ಟರೆ ನೀರಿನಂತೆ ಸುಲಭವಾಗಿ ಗಡ್ಡೆ ಕಟ್ಟುವುದಿಲ್ಲವಲ್ಲ, ಹಾಗೆ. ಹೀಗೆ ಪೂರ್ತಿ ಪಳಗಿದ ಉತ್ತರದ ತಳಿಯ (ಅಂದರೆ ಅಮೆರಿಕದ ಉತ್ತರ ಭಾಗದ ಚಳಿ ಸೀಮೆಯ ತಳಿಯ) ಗಿಡ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಅದೇ ಗಿಡದ ಅರಳಿದ ಹೂವಿಗೆ ಮಾತ್ರ ಮೈನಸ್ ಎರಡು ಮೂರು ಡಿಗ್ರಿಯೇ ಸಾಕು, ಸತ್ತುಹೋಗುತ್ತದೆ.

ಹಾಗಾಗಿ ಅದರ ನಿಜವಾದ ಕಷ್ಟ ಚಳಿ ತಡೆಯುವುದರಲ್ಲಿಲ್ಲ, ಚಳಿಗಾಲ ಮುಗಿಯಿತು ಅಂತ ತಿಳಿಯುವುದರಲ್ಲಿದೆ. ಜನವರಿಯಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಹೂ ಬಿಟ್ಟರೆ ಐದನೇ ದಿನದ ಹಿಮಕ್ಕೆ ಎಲ್ಲ ಹೋಯಿತು. ಅದಕ್ಕೇ ಗಿಡ ಲೆಕ್ಕ ಇಟ್ಟುಕೊಳ್ಳುತ್ತದೆ. ಚಳಿಯ ಇಷ್ಟು ಗಂಟೆ ಕಳೆಯುವ ತನಕ, ಹೊರಗೆ ಎಷ್ಟೇ ಬೆಚ್ಚಗಾದರೂ, ಮೊಗ್ಗು ಏಳುವುದಿಲ್ಲ. ತೋಟಗಾರರು ಸಾಮಾನ್ಯವಾಗಿ 7.2 ಡಿಗ್ರಿಗಿಂತ ಕೆಳಗಿನ ಗಂಟೆಗಳನ್ನು ಎಣಿಸುತ್ತಾರೆ. ಉತ್ತರದ ತಳಿಗಳಿಗೆ 800ರಿಂದ 1,000 ಗಂಟೆ ಬೇಕು.

ಇದನ್ನು ತೋರಿಸಿಕೊಟ್ಟವರು ಫ್ರೆಡರಿಕ್ ಕೋವಿಲ್, ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ. ಬ್ಲೂಬೆರಿಗೆ ಹುಳಿ ಮಣ್ಣು ಬೇಕು ಅಂತ 1910ರಲ್ಲಿ ಬರೆದವರೂ ಅವರೇ. ಅದನ್ನು ಓದಿ ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಎಂಬ ಹೆಣ್ಣುಮಗಳು 1911ರಲ್ಲಿ ಅವರ ಜೊತೆ ಸೇರಿದರು. ಅಲ್ಲಿಯವರೆಗೆ ಜನ ಕಾಡಿಗೆ ಹೋಗಿ ಹಣ್ಣು ಕಿತ್ತು ತರುತ್ತಿದ್ದರು, ಅಷ್ಟೇ. ಕಾಡಿನಲ್ಲಿ ದೊಡ್ಡ ಹಣ್ಣಿನ ಪೊದೆ ತೋರಿಸಿದವರಿಗೆ ವೈಟ್ ದುಡ್ಡು ಕೊಟ್ಟರು. ಆ ಪೊದೆಗಳಿಂದ ತೋಟ ಮಾಡಿ 1916ರಲ್ಲಿ ಮೊದಲ ಫಸಲು ಮಾರಿದರು. ನಮ್ಮಕ್ಕನ ಮನೆಯಿಂದ ಆ ಜಾಗಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿ.

ಕೋವಿಲ್ 1920ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನ್ನ ತಲೆಯಿಂದ ಹೋಗುವುದೇ ಇಲ್ಲ. ಬೆಚ್ಚಗಿನ ಗಾಜಿನಮನೆಯೊಳಗೆ ಒಂದು ಬ್ಲೂಬೆರಿ ಗಿಡ ಇಟ್ಟು, ಅದರ ಒಂದೇ ಒಂದು ಕೊಂಬೆಯನ್ನು ಹೊರಗಿನ ಚಳಿಗೆ ಹಾಯಿಸಿಬಿಟ್ಟರು. ವಸಂತ ಬಂತು. ಚಳಿ ತಿಂದ ಆ ಕೊಂಬೆ ಚಿಗುರಿತು. ಒಳಗೆ ಬೆಚ್ಚಗೆ ಸುಖವಾಗಿದ್ದ ಉಳಿದ ಗಿಡ ಹಾಗೇ ನಿದ್ದೆ ಮಾಡುತ್ತಿತ್ತು. ಒಂದೇ ಬೇರು, ಒಂದೇ ಬುಡ. ಅಂದರೆ ಚಳಿಯ ಲೆಕ್ಕ ಬೇರಿನಲ್ಲೋ ಬುಡದಲ್ಲೋ ಇಲ್ಲ, ಒಂದೊಂದು ಮೊಗ್ಗೂ ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ.

ಈಗ ಬೆಂಗಳೂರಿಗೆ ಬನ್ನಿ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು. ಇದನ್ನು ಓದಿದ ದಿನ ನಾನು ತಾರಸಿಗೆ ಹೋಗಿ ಗಿಡದ ಪಕ್ಕ ಸುಮ್ನೆ ಕೂತೆ. ನೂರ ನಲವತ್ತು ವರ್ಷಗಳಲ್ಲಿ 7.2ರ ಗೆರೆಯನ್ನು ಈ ಊರು ಒಮ್ಮೆಯೂ ದಾಟಿಲ್ಲ! ನನ್ನ ಗಿಡ ಉತ್ತರದ ತಳಿಯದ್ದೇ ಆಗಿದ್ದರೆ ಅದರ ಲೆಕ್ಕದ ಪುಸ್ತಕದಲ್ಲಿ ಇನ್ನೂ ಒಂದು ಗಂಟೆಯೂ ಜಮಾ ಆಗಿಲ್ಲ. ಹಗಲಿನ ಗುರುತೂ ಇಲ್ಲಿ ಮಂಕು. ನ್ಯೂಜೆರ್ಸಿಯಲ್ಲಿ ವರ್ಷದ ದೊಡ್ಡ ಹಗಲಿಗೂ ಚಿಕ್ಕ ಹಗಲಿಗೂ ಐದೂವರೆ ಗಂಟೆಗಿಂತ ಜಾಸ್ತಿ ವ್ಯತ್ಯಾಸ, ನಮ್ಮಲ್ಲಿ ಬರೀ ಒಂದೂವರೆ ಗಂಟೆ.

ಹಾಗಂತ ಬಿಸಿ ಊರಿನಲ್ಲಿ ಬ್ಲೂಬೆರಿ ಆಗುವುದೇ ಇಲ್ಲ ಅಂತಲ್ಲ. ಫ್ಲೋರಿಡಾದ ಕಾಡು ಜಾತಿಯ ಜೊತೆ ಕೂಡಿಸಿ ಕಡಿಮೆ ಚಳಿ ಕೇಳುವ ತಳಿಗಳನ್ನು ಮಾಡಿದ್ದಾರೆ. ಪೆರು ದೇಶದ ಮರಳುಗಾಡಿನಂಥ ಕರಾವಳಿಯಲ್ಲಿ ಬಿಲೋಕ್ಸಿ ಮುಂತಾದ ತಳಿಗಳು ಎಲೆಯನ್ನೇ ಉದುರಿಸದೆ ಹಣ್ಣು ಕೊಡುತ್ತವೆ, ಇವತ್ತು ಅತಿ ಹೆಚ್ಚು ಬ್ಲೂಬೆರಿ ರಫ್ತು ಮಾಡುವ ದೇಶ ಅದೇ. ಹಾಗಾಗಿ ನರ್ಸರಿಯಲ್ಲಿ ಬರೀ ‘ಬ್ಲೂಬೆರಿ’ ಅಂತ ಚೀಟಿ ಅಂಟಿಸಿದ ಗಿಡ ಕೊಳ್ಳಬೇಡಿ, ತಳಿಯ ಹೆಸರು ಕೇಳಿ. ನಾನು ಕೇಳಿರಲಿಲ್ಲ.

ಆಮೇಲೆ ನೀರು. ನನ್ನ ಗಿಡದ ಎಳೆ ಎಲೆಯನ್ನು ಬಿಸಿಲಿಗೆ ಹಿಡಿದರೆ ನರಗಳು ಹಸಿರು, ನರಗಳ ನಡುವೆ ಎಲ್ಲ ಹಳದಿ. ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅನ್ನುವುದರ ಗುರುತು ಅದು. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ನಾನು ಹಾಕುತ್ತಿದ್ದ ಬೋರ್‌ವೆಲ್ಲಿನ ಗಡಸು ನೀರು ಮಣ್ಣಿನ ಹುಳಿಯನ್ನು ಕೊಂದುಬಿಟ್ಟಿತ್ತು. ಹುಳಿ ಹೋದರೆ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಬ್ಲೂಬೆರಿಗೆ ಮಣ್ಣಿನ ಪಿಎಚ್, ಅಂದರೆ ಹುಳಿಯ ಅಳತೆ, 4.5ರಿಂದ 5.5ರ ಒಳಗೆ ಇರಬೇಕು. ಅದರ ಬೇರುಗಳಿಗೆ ಬೇರುಕೂದಲೂ ಇಲ್ಲ, ಮಣ್ಣಿನ ಸಾರ ಹೀರುವ ಆ ಕೆಲಸವನ್ನು ಬೇರಿನೊಳಗೆ ನೆಲೆಸಿದ ಶಿಲೀಂಧ್ರಗಳು ಮಾಡಿಕೊಡುತ್ತವೆ. ಈಗ ಮಳೆನೀರು ಹಿಡಿದಿಟ್ಟು ಹಾಕುತ್ತಿದ್ದೇನೆ, ಹೊಸ ಎಲೆ ಹಸಿರಾಗಿ ಬರುತ್ತಿದೆ.

ಹೂ ಬಿಟ್ಟರೂ ಮುಂದೆ ಇನ್ನೊಂದು ಕೆಲಸ ಇದೆ. ಬ್ಲೂಬೆರಿಯ ಹೂ ತಲೆಕೆಳಗಾದ ಪುಟ್ಟ ಗಂಟೆ. ಪರಾಗ ಚೆನ್ನಾಗಿ ಉದುರಬೇಕಾದರೆ ಹೂವನ್ನು ಹಿಡಿದು ರೆಕ್ಕೆಯ ಸ್ನಾಯು ನಡುಗಿಸಿ ‘ಝುಂಯ್’ ಅನ್ನಿಸುವ ದುಂಬಿ ಬೇಕು. ಜೇನುಹುಳಕ್ಕೆ ಆ ವಿದ್ಯೆ ಬರುವುದಿಲ್ಲ. ಮರ ಕೊರೆಯುವ ನಮ್ಮ ದೊಡ್ಡ ಕಪ್ಪು ದುಂಬಿಗೆ ಬರುತ್ತದೆ. ಅದು ನಮ್ಮ ತಾರಸಿಗೆ ದಿನಾ ಬರುತ್ತದೆ ಅನ್ನುವುದೇ ನನಗಿರುವ ಧೈರ್ಯ.

ಹಲಸಿಗೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ಕಾಯುವುದನ್ನು ಅದು ಕಲಿತೇ ಇಲ್ಲ, ಬೀಜದಲ್ಲೂ ಇಲ್ಲ. ಹಣ್ಣು ಬಿಡಿಸಿದ ಮೇಲೆ ಬೀಜವನ್ನು ಒಣಗಿಸಿ ಇಟ್ಟಿರೋ, ಜೀವ ಹೋಯಿತು. ಫ್ರಿಜ್‌ನಲ್ಲಿ ಇಟ್ಟರೂ ಅದೇ ಗತಿ. ಅದೇ ಬ್ಲೂಬೆರಿ ಬೀಜವನ್ನು ಮೊಳೆಸುವವರು ಒದ್ದೆ ಪಾಚಿಯಲ್ಲಿ ಸುತ್ತಿ ಬೇಕಂತಲೇ ಮೂರು ತಿಂಗಳು ಫ್ರಿಜ್‌ನಲ್ಲಿ ಇಡುತ್ತಾರೆ. ಹಲಸು ತಿಂದ ವಾರದೊಳಗೆ ಬೀಜ ಹಾಕಿ, ಮರ ಎಲ್ಲಿ ಬೇಕೋ ಅಲ್ಲೇ ಹಾಕಿ. ತಾಯಿಬೇರು ಆಳಕ್ಕೆ ಇಳಿಯುವ ಮರ, ಕಿತ್ತು ನೆಟ್ಟರೆ ಕೊರಗುತ್ತದೆ. ಬೇಗ ಹಣ್ಣು ಬೇಕಾದರೆ ಕಸಿ ಗಿಡ ತನ್ನಿ. ಸೈಟು ಚಿಕ್ಕದು ಅನ್ನುವವರು ತುಮಕೂರು ಜಿಲ್ಲೆಯ ಸಿದ್ದು ಹಲಸನ್ನು ಒಮ್ಮೆ ನೋಡಿ. ಹಣ್ಣು ಎರಡೂವರೆ ಕೆಜಿ ಆಸುಪಾಸು, ತೊಳೆ ತಾಮ್ರದ ಕೆಂಪು. ಆದರೂ ಅದು ಮರ ಅನ್ನುವುದು ನೆನಪಿರಲಿ, ಗೋಡೆಯಿಂದ ದೂರ ನೆಡಿ, ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ.

ಅಕ್ಕ ಈ ವರ್ಷ ಹಿತ್ತಲಲ್ಲಿ ಮೂರು ಬ್ಲೂಬೆರಿ ಪೊದೆ ನೆಟ್ಟಳು. ಹಿಮದೊಳಗೆ ಕೆಂಪು ಕಡ್ಡಿಗಳು ನಿಂತಿರುವ ಫೋಟೋ ಕಳಿಸಿದ್ದಳು. ಹಾಗಾದರೆ ಹಲಸಿನ ಗಿಡವನ್ನು ಯಾರಿಗಾದರೂ ಕೊಟ್ಟುಬಿಡು, ಆ ಕುಂಡದಲ್ಲಿ ಅದು ಹಣ್ಣು ಬಿಡುವುದು ಕಷ್ಟ ಅಂದೆ. “ಹಣ್ಣು ಯಾರಿಗೆ ಬೇಕಿತ್ತು ಮಾರಾಯ” ಅಂದಳು. ಈ ಸಲದ ಅಷ್ಟಮಿಗೆ ಅದರ ಎಂಟು ಎಲೆ ಕಿತ್ತು, ಕಡ್ಡಿ ಚುಚ್ಚಿ ಎರಡು ಕೊಟ್ಟೆ ಕಟ್ಟಿ, ಹಿಟ್ಟು ಹೊಯ್ದು ಕಡುಬು ಬೇಯಿಸಿದ್ದಾಳೆ. ಇಡೀ ಮನೆ ಊರಿನ ಅಡುಗೆಮನೆಯ ಹಾಗೆ ಘಮ ಅಂತಿತ್ತಂತೆ.